ಕೆಮ್ಮು ಮರೆತ ಗಾಡಿ

ಇನ್ಸ್‌ಪೆಕ್ಟರು ಕೀ ತಿರುಗಿಸಿದರು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಠಾಣೆಯ ಅಂಗಳದಲ್ಲಿ ಶಾಲು, ಸ್ವೆಟರುಗಳೊಳಗೆ ಮುದುಡಿಕೊಂಡು ನಿಂತಿದ್ದ ನಮ್ಮ ಓಣಿಯ ಜನರೆಲ್ಲ ಒಮ್ಮೆ ಗಾಡಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಆ ಹಳೇ ಡೀಸೆಲ್ ಪಿಕಪ್ಪು ಕೆಮ್ಮಲಿಲ್ಲ, ಕ್ಯಾಕರಿಸಲಿಲ್ಲ, ಬಿಳಿ ಹೊಗೆ ಕಕ್ಕಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ನಿಂತುಬಿಟ್ಟಿತು.

"ಏನ್ ಮೇಡಂ, ಇದಕ್ಕೇನಾ ನನ್ನನ್ನ ಈ ಚಳೀಲಿ ಹಾಸಿಗೆಯಿಂದ ಎಬ್ಬಿಸಿ ಕರೆಸಿದ್ದು?" ಇನ್ಸ್‌ಪೆಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು.

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ನನ್ನ ಬಾಯಿಗೆ ಬೀಗ ಬೀಳುವುದೆಂದರೆ ಸಣ್ಣ ವಿಷಯವಲ್ಲ, ಬೇಕಿದ್ದರೆ ನಮ್ಮ ಯಜಮಾನರನ್ನು ಕೇಳಿ.

ನಿನ್ನೆ ನಸುಕಿನಲ್ಲಿ ಒಂದು ಪಿಕಪ್ಪು ಬೇಕರಿಯ ಹಿಟ್ಟಿನ ಗೋದಾಮಿನ ಗೇಟಿನ ಬಳಿ ಕಾವಲು ತಾತನಿಗೆ ಗುದ್ದಿ ಓಡಿಹೋಗಿತ್ತು. ತಾತ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ. ಪೇಪರ್ ಹಾಕುವವನು ಗಾಡಿಯ ಬೆನ್ನ ಮೇಲಿನ ಬ್ರೆಡ್ಡಿನ ಚಿತ್ರ ಕಂಡೆ ಅಂದ. ಬೇಕರಿಯ ಡ್ರೈವರ್ ಬನ್ನಣ್ಣನೂ ತಾತನೂ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದ ವಿಷಯಕ್ಕೆ ಹಿಂದಿನ ದಿನ ಬೆಳಗ್ಗೆ ಬಾಯಿ ಹರಿಯುವಷ್ಟು ಜಗಳವಾಡಿದ್ದು ಊರಿಗೇ ಗೊತ್ತು. ಇನ್ನೇನು ಬೇಕು? ಬನ್ನಣ್ಣ ಲಾಕಪ್ಪಿಗೆ ಹೋದ. ಇವತ್ತು ಸಂಜೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ಜೈಲಿಗೆ.

ನಾನು ಹಿಡಿದುಕೊಂಡಿದ್ದು ಒಂದೇ ಒಂದು ಎಳೆ. ಚಳಿಗಾಲದಲ್ಲಿ ಬನ್ನಣ್ಣನ ಗಾಡಿ ನಮ್ಮ ಓಣಿಯ ಅಲಾರಂ. ಅವನು ಸೆಲ್ಫ್ ಹೊಡೆಯುತ್ತಾನೆ, ಅದು ಗೊಳ್ಳೆಂದು ಕೆಮ್ಮಿ ಸಾಯುತ್ತದೆ. ಮತ್ತೆ ಹೊಡೆಯುತ್ತಾನೆ, ಮತ್ತೆ ಸಾಯುತ್ತದೆ. ಅಷ್ಟರಲ್ಲಿ ಮಕ್ಕಳು ಎದ್ದಿರುತ್ತವೆ, ಒಲೆ ಹೊತ್ತಿರುತ್ತದೆ, ಎದುರುಮನೆ ಟೈಲರಮ್ಮ ಗಾಡಿಯ ವಂಶವನ್ನೆಲ್ಲ ಬೈದು ಮುಗಿಸಿರುತ್ತಾಳೆ. ನಿನ್ನೆ ಮಾತ್ರ ಇಡೀ ಓಣಿ ಪೊಲೀಸ್ ಜೀಪು ಬರುವವರೆಗೂ ಮಲಗಿತ್ತು. ಅಂದಮೇಲೆ ಗಾಡಿ ಓಣಿ ಬಿಟ್ಟು ಹೋಗೇ ಇಲ್ಲ, ಗುದ್ದಿದ್ದು ಬೇರೆ ಯಾವುದೋ ಗಾಡಿ ಎಂದು ನಾನು ವಾದಿಸಿದ್ದೆ. ನಿನ್ನೆ ಪೊಲೀಸರು ಹಗ್ಗ ಕಟ್ಟಿ ಎಳೆದುತಂದ ಗಾಡಿ ರಾತ್ರಿಯಿಡೀ ಇಲ್ಲೇ ಇಬ್ಬನಿಯಲ್ಲಿ ನೆಂದಿದೆ, ಬೆಳಗ್ಗೆ ನೀವೇ ಸ್ಟಾರ್ಟ್ ಮಾಡಿ ನೋಡಿ ಎಂದು ಸವಾಲು ಹಾಕಿದ್ದವಳೂ ನಾನೇ.

ಹಳ್ಳ ತೋಡಿದವಳೇ ಹಳ್ಳಕ್ಕೆ ಬಿದ್ದಿದ್ದೆ.

"ಅಕ್ಕಾ!" ಇಬ್ಬರು ಪೇದೆಗಳ ನಡುವೆ ನಿಂತಿದ್ದ ಬನ್ನಣ್ಣ ಕಣ್ಣರಳಿಸಿ ಕೂಗಿದ. "ಇದು ನನ್ನ ಗಾಡಿ ಅಲ್ಲ ಅಕ್ಕಾ!"

"ನಂಬರ್ ನಿಂದೇ ಕಣೋ."

"ನಂಬರ್ ನಂದೇ. ಗಂಟಲು ನಂದಲ್ಲ!"

ಪೇದೆಗಳಿಗೂ ನಗು ಬಂತು. ನನಗೆ ಮಾತ್ರ ಅಳು ಬರುವುದರಲ್ಲಿತ್ತು. ನನ್ನ ಕಾಲು ಮುರಿದಿದ್ದಾಗ ಇದೇ ಬನ್ನಣ್ಣ ಬ್ರೆಡ್ಡಿನ ಟ್ರೇಗಳ ನಡುವೆ ಕುರ್ಚಿ ಕಟ್ಟಿ, ನನ್ನನ್ನು ಕೂರಿಸಿಕೊಂಡು ವಾರವಾರವೂ ಆಸ್ಪತ್ರೆಗೆ ಒಯ್ದಿದ್ದ. "ಏನು ಕೊಡಲೋ?" ಅಂದರೆ "ಬೈಬೇಡಿ ಅಕ್ಕಾ, ಅಷ್ಟು ಸಾಕು" ಅನ್ನುತ್ತಿದ್ದ. ಅದೊಂದನ್ನು ಬಿಟ್ಟು ಬೇರೇನಾದರೂ ಕೇಳಿದ್ದರೆ ಕೊಡುತ್ತಿದ್ದೆ. ಅವನಿಂದ ಒಂದಲ್ಲ ಒಂದು ಉಪಕಾರ ಪಡೆಯದ ಮನೆ ನಮ್ಮ ಓಣಿಯಲ್ಲಿಲ್ಲ. ಅದಕ್ಕೇ ಈ ಕೊರೆಯುವ ಚಳಿಯಲ್ಲಿ ಎಲ್ಲರೂ ಎದ್ದು ಬಂದಿದ್ದರು.

ಬೇಕರಿ ಅಮ್ಮ ಕೂಡ ಬಂದಿದ್ದರು. ಬೇಕರಿಯ ಒಡತಿ, ಒಂದು ಕಾಲಕ್ಕೆ ತಾವೇ ಗಾಡಿ ಓಡಿಸಿ ಬ್ರೆಡ್ಡು ಹಂಚಿದವರು. ಅಪ್ಪ ಅಮ್ಮ ಇಲ್ಲದ ಬನ್ನಣ್ಣನನ್ನು ಹಿಟ್ಟಿನ ಮೂಟೆಗಳ ಮೇಲೆ ಮಲಗಿಸಿ ಸಾಕಿ ದೊಡ್ಡವನನ್ನಾಗಿ ಮಾಡಿದವರು. ತಮ್ಮ ಶಾಲನ್ನೇ ತೆಗೆದು ಅವನ ಹೆಗಲಿಗೆ ಹೊದಿಸಿದ್ದರು. ಪೇದೆಗಳಿಗೂ ಬಿಸಿ ಬನ್ನು ಹಂಚಿದ್ದರು. ಗಾಡಿ ಸ್ಟಾರ್ಟ್ ಆದಾಗ ಎಲ್ಲರೂ ಬೆಚ್ಚಿಬಿದ್ದರೂ ಅವರು ಮಾತ್ರ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡುತ್ತ ಕೂತಿದ್ದರು. ಆಮೇಲೆ ಯಾರಿಗೂ ಹೇಳದೆ ಎದ್ದು ಹೋದರು.

"ಸಾರ್, ಬಾನೆಟ್ ಎತ್ತಿ ನೋಡ್ಲಾ?" ಅಂದೆ.

"ನೋಡಿ. ಹಕ್ಕಿ ಗೂಡು ಕಟ್ಟಿದ್ರೆ ನನಗೂ ಹೇಳಿ," ಅಂದರು ಇನ್ಸ್‌ಪೆಕ್ಟರು. ಮನುಷ್ಯ ಕೆಟ್ಟವರಲ್ಲ, ನಾಲಿಗೆ ಸ್ವಲ್ಪ ಉದ್ದ ಅಷ್ಟೇ. ಉದ್ದ ನಾಲಿಗೆಯವರನ್ನು ನಾನು ದೂರುವ ಹಾಗಿಲ್ಲ.

ವಿಮೆ ಕಂಪನಿಯಲ್ಲಿ ಅಪಘಾತದ ಗಾಡಿಗಳನ್ನು ಪರೀಕ್ಷಿಸುತ್ತಲೇ ಕೂದಲು ಹಣ್ಣಾಗಿಸಿಕೊಂಡವಳು ನಾನು. ಓಣಿಯವರು ಇಟ್ಟ ಹೆಸರು ಭೂತಗನ್ನಡಿ ಅಕ್ಕ. ಬಾನೆಟ್ ಎತ್ತಿ ಟಾರ್ಚು ಬಿಟ್ಟೆ.

ಡೀಸೆಲ್ ಇಂಜಿನ್ನಿಗೆ ಚಳಿಯಲ್ಲಿ ಒಳಗೆ ಬೆಂಕಿ ಹತ್ತಿಕೊಳ್ಳಲು ಸ್ವಲ್ಪ ಬಿಸಿ ಬೇಕು. ಅದನ್ನು ಕೊಡುವುದು ಹೀಟರ್ ಪ್ಲಗ್ಗು, ಬೆರಳುದ್ದದ ಒಂದು ಕಡ್ಡಿ. ಅದು ಸತ್ತರೆ ಡೀಸೆಲ್ ಸರಿಯಾಗಿ ಉರಿಯದೆ ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ, ಗಾಡಿ ಕೆಮ್ಮುತ್ತದೆ. ಬನ್ನಣ್ಣ ಬ್ಯಾಟರಿ ಬದಲಿಸಿ ನೋಡಿದ್ದ, ಡೀಸೆಲ್ ಬಂಕು ಬದಲಿಸಿ ನೋಡಿದ್ದ, ಕೊನೆಗೆ ದಿನಾ ಬೆಳಗ್ಗೆ ಕೆಟಲ್ಲಿನಲ್ಲಿ ನೀರು ಕಾಯಿಸಿ ಡೀಸೆಲ್ ಫಿಲ್ಟರಿನ ಮೇಲೆ ಸುರಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಪ್ಲಗ್ಗು ನೋಡಿಸೋ ಅಂದರೆ "ಆಯ್ತು ಅಕ್ಕಾ" ಅನ್ನುವುದು, ಮರೆಯುವುದು.

ಈಗ ಪ್ಲಗ್ಗುಗಳೆಲ್ಲ ಹೊಸವು. ಅವುಗಳ ತಲೆಗಳನ್ನು ಸೇರಿಸುವ ಪಟ್ಟಿಯೂ ಹೊಸದು. ಟ್ಯಾಂಕಿನಿಂದ ಬರುವ ಪೈಪಿಗೆ ಹೊಸ ಕ್ಲಿಪ್ಪು. ಹಳೆಯದು ಸಡಿಲವಾಗಿ ಗಾಳಿ ಎಳೆದುಕೊಂಡು, ರಾತ್ರಿಯೆಲ್ಲ ಡೀಸೆಲ್ ಹಿಂದಕ್ಕೆ ಇಳಿದುಹೋಗುತ್ತಿತ್ತೇನೋ. ಯಾರೋ ಪ್ರೀತಿಯಿಂದ ಕೂತು ಮಾಡಿದ ಕೆಲಸ. ಒಂದು ತೊಟ್ಟು ಎಣ್ಣೆ ಸುರಿದಿಲ್ಲ, ಒಂದು ತಂತಿ ಜೋತುಬಿದ್ದಿಲ್ಲ.

ಮತ್ತೆ ಪ್ರತಿ ನಟ್ಟಿನ ತಲೆಯ ಮೇಲೂ ಒಂದು ಸಣ್ಣ ಗುಲಾಬಿ ಗೀಟು.

ಬಿಗಿ ಮಾಡಿದ ನಟ್ಟಿಗೆ ಬಣ್ಣದ ಗೀಟು ಎಳೆಯುವುದು ಹಳೇ ಮೆಕ್ಯಾನಿಕ್ಕುಗಳ ಪದ್ಧತಿ. ಗೀಟು ಜರುಗಿದರೆ ನಟ್ಟು ಸಡಿಲವಾಗಿದೆ ಎಂದರ್ಥ. ಆದರೆ ಎಲ್ಲರೂ ಬಳಸುವುದು ಬಿಳಿ ಇಲ್ಲವೇ ಹಳದಿ ಪೇಂಟು. ಇದು ಮಿಣಮಿಣ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದು ಮೂಸಿದೆ. ಉಗುರಿಗೆ ಹಚ್ಚುವ ಪಾಲಿಷ್ಷು!

"ಸಾರ್, ಸಂಜೆವರೆಗೂ ಟೈಮ್ ಇದೆ ಅಲ್ವಾ?"

"ಇದೆ. ಅದರಾಚೆ ನನ್ನ ಕೈಲಿಲ್ಲ."

"ನಿಮ್ಮ ಹೊಟ್ಟೆ ತಣ್ಣಗಿರ್ಲಿ," ಅಂದು ಕೈಮುಗಿದೆ. ಮನಸ್ಸಿನಿಂದಲೇ ಅಂದೆ.

ತಿರುಗಿ ನೋಡಿದರೆ ನಮ್ಮ ಯಜಮಾನರು ಬನ್ನಣ್ಣನ ಪಕ್ಕ ನಿಂತಿದ್ದರು. ಅವನು ಏನೋ ಕೇಳಿದ, ಇವರು ತಲೆತಗ್ಗಿಸಿ ಏನೋ ಹೇಳಿದರು. ಬನ್ನಣ್ಣನ ಮುಖ ಬಿಳಿಚಿಕೊಂಡಿತು.

"ರೀ, ಸ್ಕೂಟರ್ ತೆಗೀರಿ," ಎಂದು ಕೂಗಿದೆ.

ನಮ್ಮ ಓಣಿಯ ಗಾಡಿಗಳನ್ನೆಲ್ಲ ರಿಪೇರಿ ಮಾಡುವ ಬೋಲ್ಟ್ ಮಾವನ ಗ್ಯಾರೇಜು ಸೇತುವೆಯ ಕೆಳಗಿದೆ. ಅರ್ಧ ಬಾಗಿಲು ತೆರೆದಿತ್ತು. ಯಜಮಾನರು ಹೊರಗೇ ಸ್ಕೂಟರಿನ ಮೇಲೆ ಕೂತರು. ಒಳಗೆ ಬನ್ನಿ ಅಂದರೆ "ಮಂಡಿ ನೋವು" ಅಂದರು. ಮಂಡಿನೋವಿನವರು ಸ್ಕೂಟರ್ ಮೇಲೆ ಕಾಲು ಮಡಚಿ ಕೂರುತ್ತಾರೆಯೇ ಎಂದು ಕೇಳಬೇಕೆನಿಸಿತು. ಪುರುಸೊತ್ತಿರಲಿಲ್ಲ.

ಮಾವ ಒಂದು ಗೇರ್‌ಬಾಕ್ಸಿನೊಳಗೆ ಮೊಳಕೈವರೆಗೂ ಕೈಹಾಕಿ ಕೂತಿದ್ದ. ನನ್ನನ್ನು ನೋಡಿದವನೇ ಎಂದಿನ ಹಾಗೆ "ಬಾರಮ್ಮಾ, ಟೀ ಕುಡೀತೀಯಾ?" ಅನ್ನಲಿಲ್ಲ.

"ಮಾವಾ, ಬನ್ನಣ್ಣನ ಗಾಡಿ ನೀನು ಯಾವಾಗ ಮುಟ್ಟಿದ್ದೆ?"

"ನಾನಾ? ಅದನ್ನ ಮುಟ್ಟಿ ವರ್ಷ ಆಯ್ತೇನೋ."

"ಹೀಟರ್ ಪ್ಲಗ್ ಹಾಕಿದ್ದು ಯಾರು?"

"ಊರಲ್ಲಿ ನಾನೊಬ್ಬನೇ ಮೆಕ್ಯಾನಿಕ್ಕಾ?"

"ಅಲ್ಲ. ಆದ್ರೆ ನಟ್ಟಿಗೆ ನೇಲ್ ಪಾಲಿಷ್ ಹಚ್ಚೋ ಗಂಡಸು ನೀನೊಬ್ಬನೇ." ಗೋಡೆಯ ಹಲಗೆಯ ಮೇಲೆ, ಗ್ರೀಸಿನ ಡಬ್ಬದ ಪಕ್ಕ ಜಾಣೆಯ ಹಾಗೆ ಕೂತಿದ್ದ ಗುಲಾಬಿ ಸೀಸೆಯನ್ನು ಎತ್ತಿ ಅವನ ಮುಂದೆ ಇಟ್ಟೆ. "ಯಾವ ಕೈಗೆ ಹಚ್ಕೋತೀಯ ಮಾವಾ, ಎಡಗೈಗಾ ಬಲಗೈಗಾ?"

ಅವನು ನಗಲಿಲ್ಲ. ಕೈ ಹೊರಗೆ ತೆಗೆದು, ಚಿಂದಿ ಬಟ್ಟೆಯಲ್ಲಿ ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ.

"ಮಗಳದು ಅದು. ಪೇಂಟು ಎಣ್ಣೆಗೆ ಕಿತ್ತುಬರುತ್ತೆ, ಇದು ಹಾಕಪ್ಪಾ ಅಂತ ಅವಳೇ ಕೊಟ್ಲು." ಅವನು ಸೀಸೆಯನ್ನು ಮತ್ತೆ ಹಲಗೆಯ ಮೇಲಿಟ್ಟ. "ಅವಳು ಇವತ್ತು ಉಗುರಿಗೆ ಬಣ್ಣ ಹಚ್ಕೊಂಡು ಓಡಾಡ್ತಿದಾಳೆ ಅಂದ್ರೆ ಅದು ಬನ್ನಣ್ಣನ ಪುಣ್ಯ ಕಣಮ್ಮಾ."

ಹೋದ ಚಳಿಗಾಲದ ಒಂದು ಮುಂಜಾನೆ, ತುಂಬಿದ ಗರ್ಭಿಣಿ ಮಗಳಿಗೆ ಇದ್ದಕ್ಕಿದ್ದಂತೆ ರಕ್ತ ಹೋಗಲು ಶುರುವಾಯಿತಂತೆ. ಆಂಬುಲೆನ್ಸು ಬರುತ್ತೇನೆಂದು ಬರಲಿಲ್ಲ. ಬನ್ನಣ್ಣ ಲೋಡು ಮಾಡಿದ್ದ ಬ್ರೆಡ್ಡನ್ನೆಲ್ಲ ಬೀದಿಬದಿಗೆ ಇಳಿಸಿ, ಹಾಸಿಗೆ ಹಾಸಿ, ಅವಳನ್ನು ಮಲಗಿಸಿದ. ಆದರೆ ಗಾಡಿ ಸ್ಟಾರ್ಟ್ ಆಗಬೇಕಲ್ಲ!

"ಕೆಮ್ಮುತ್ತೆ, ನಿಲ್ಲುತ್ತೆ. ಕೆಮ್ಮುತ್ತೆ, ನಿಲ್ಲುತ್ತೆ. ಹಿಂದೆ ನನ್ನ ಮಗಳು ಅಪ್ಪಾ ಅಪ್ಪಾ ಅಂತಿದಾಳೆ. ನಾನು ಮೆಕ್ಯಾನಿಕ್ಕು, ಕೈಕಟ್ಕೊಂಡು ಬೇವರ್ಸಿ ಹಾಗೆ ನಿಂತಿದೀನಿ! ಬನ್ನಣ್ಣ ಕೆಟಲ್ಲು ತಂದ, ನೀರು ಸುರಿದ, ಗಾಡಿಗೆ ಕೈಮುಗಿದ. ಕೊನೆಗೆ ಹೊರಡ್ತು. ತಾಯಿ ಮಗು ಇಬ್ರೂ ಉಳಿದ್ರು. ಆ ಕೆಮ್ಮು ಮಾತ್ರ ಇವತ್ತಿಗೂ ನನ್ನ ಕಿವೀಲಿದೆ."

"ಆಗಲೇ ಸರಿಮಾಡ್ಬೇಕಿತ್ತು ನೀನು."

"ಮಾಡ್ತೀನಿ ಅಂದೆ! 'ಉಪಕಾರಕ್ಕೆ ಉಪಕಾರ ಅಂತ ಬಂದ್ರೆ ನಿನ್ನ ಗ್ಯಾರೇಜಿನ ಮೆಟ್ಟಿಲು ತುಳಿಯಲ್ಲ' ಅಂದ. ಹಾಗೇ ಮಾಡ್ದ, ಪುಣ್ಯಾತ್ಮ. ಪಂಕ್ಚರಿಗೂ ಬೇರೆ ಕಡೆ ಹೋದ. ಈ ಸಲ ಚಳಿ ಬಿತ್ತು, ಬೆಳಗ್ಗೆ ಮತ್ತೆ ಆ ಕೆಮ್ಮು ಕೇಳಿಸ್ತು. ತಡಕೊಳ್ಳೋಕಾಗ್ಲಿಲ್ಲ. ಮೊನ್ನೆ ಅವನು ಹೆಂಡ್ತೀನ ತವರಿಗೆ ಬಿಡೋಕೆ ಹೋಗಿದ್ನಲ್ಲ, ಬರೋದು ಕೊನೇ ಬಸ್ಸಿಗೆ ಅಂತ ಗೊತ್ತಾಯ್ತು. ಕದ್ದು ಮಾಡಿಬಿಟ್ಟೆ. ಬೆಳಗ್ಗೆ ಅವನು ಕೀ ತಿರುಗಿಸಿದಾಗ ಅವನ ಮುಖ ನೋಡ್ಬೇಕು ಅಂತ ಓಣಿ ತಿರುವಲ್ಲಿ ಬಂದು ನಿಂತಿದ್ದೆ ಕಣಮ್ಮಾ. ಅಷ್ಟರಲ್ಲಿ ಪೊಲೀಸರು ಬಂದ್ರು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಗಾಡಿ ಸದ್ದು ಮಾಡ್ಲಿಲ್ಲ, ಅದಕ್ಕೇ ಅವನು ಹೋಗಿಲ್ಲ ಅಂತ ನೀನು ಠಾಣೆಯಲ್ಲಿ ಕೂಗಾಡ್ತಿದ್ದೆ. ಅವನನ್ನ ಉಳಿಸೋ ಮಾತು ಅದೊಂದೇ. ಸದ್ದು ನಿಲ್ಸಿದ್ದು ನಾನೇ ಅಂತ ಹೇಳಿ ಅವನ ಕುತ್ತಿಗೆಗೆ ನಾನೇ ಹಗ್ಗ ಹಾಕ್ಲಾ?" ಅವನು ಕೈಗಳನ್ನು ಮುಖಕ್ಕೆ ಒತ್ತಿಕೊಂಡ. ಗ್ರೀಸು ಕಣ್ಣೀರು ಎರಡೂ ಬೆರೆತು ಮುಖ ನೋಡುವ ಹಾಗಿರಲಿಲ್ಲ. "ಒಳ್ಳೇದು ಮಾಡೋಕೆ ಹೋಗಿ ನನ್ನ ದೇವರನ್ನ ನಾನೇ ಜೈಲಿಗೆ ಕಳಿಸ್ದೆ."

ಅವನ ಬೆನ್ನ ಮೇಲೆ ಕೈಯಿಟ್ಟೆ. ಕೃತಜ್ಞತೆ ಇಲ್ಲದ ಜನರ ನಡುವೆ ಪತ್ತೇದಾರಿ ಮಾಡಿ ಮಾಡಿ ಬೇಸತ್ತವಳು ನಾನು. ಇಲ್ಲಿ ಕೃತಜ್ಞತೆಯೇ ಕಾಲಿಗೆ ತೊಡರಿಕೊಂಡಿತ್ತು.

ಅಷ್ಟರಲ್ಲಿ ತಲೆಯೊಳಗೆ ಏನೋ ಬೆಳಗಿತು.

"ಮಾವಾ, ಅಳೋದು ನಿಲ್ಸು. ನೀನು ಅವನನ್ನ ಮುಳುಗಿಸಿಲ್ಲ, ತೇಲಿಸಿದೀಯ!"

"ಹೇಗೆ?"

"ನಿನ್ನೆ ಪೊಲೀಸರು ಬಂದಾಗ ಬನ್ನಣ್ಣ ಏನು ಮಾಡ್ತಿದ್ದ? ಬಿಸಿನೀರಿನ ಕೆಟಲ್ಲು ಹಿಡ್ಕೊಂಡು ಗಾಡಿ ಮುಂದೆ ನಿಂತಿದ್ದ. ಪೇದೇನೇ ಆ ಕೆಟಲ್ಲು ಇಸ್ಕೊಂಡು ಕೆಳಗಿಟ್ಟಿದ್ದು, ನಾನೇ ಕಣ್ಣಾರೆ ನೋಡಿದೀನಿ. ಅರ್ಧ ಗಂಟೆ ಮುಂಚೆ ಅದೇ ಗಾಡಿ ಓಡಿಸಿ ಬಂದೋನು, ಇಂಜಿನ್ ಇನ್ನೂ ಬೆಚ್ಚಗಿರುವಾಗ, ಬಿಸಿನೀರು ಯಾಕೆ ಕಾಯಿಸ್ತಾನೆ? ಗಾಡಿ ಸರಿಯಾಗಿದೆ ಅಂತಾನೇ ಅವನಿಗೆ ಗೊತ್ತಿರ್ಲಿಲ್ಲ. ಓಡಿಸಿದೋನಿಗೆ ಗೊತ್ತಿತ್ತು. ಇಲ್ಲದಿದ್ರೆ ಇಡೀ ಓಣಿ ಎಬ್ಬಿಸೋ ಆ ಗಾಡೀನ ಕದಿಯೋಕೆ ಯಾವ ಮೂರ್ಖ ಬರ್ತಾನೆ?"

ಮಾವ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಆಮೇಲೆ ನಿಧಾನಕ್ಕೆ ಕೈಮುಗಿದ. ನನಗೋ, ಗೇರ್‌ಬಾಕ್ಸಿಗೋ, ಮೇಲಿನವನಿಗೋ ಗೊತ್ತಾಗಲಿಲ್ಲ.

"ಈಗ ಹೇಳು. ಗಾಡಿ ಸರಿಯಾಗಿದ್ದು ಯಾರ್ಯಾರಿಗೆ ಗೊತ್ತಿತ್ತು?"

"ನನಗೆ. ಆಮೇಲೆ..." ಅವನು ಬಾಗಿಲ ಕಡೆ ನೋಡಿದ. "ಬನ್ನಣ್ಣನ ಕೀ ಅವನ ಜೇಬಲ್ಲೇ ಇತ್ತು. ಬೇಕರಿಯಲ್ಲಿ ಇನ್ನೊಂದು ಇರುತ್ತಲ್ಲ, ಅದನ್ನ ತಂದು ಗಾಡಿ ಇಲ್ಲಿಗೆ ಬಿಟ್ಟೋರು, ಸಂಜೆ ಬಂದು ತಗೊಂಡು ಹೋದೋರು, ಒಬ್ರೇ."

"ಯಾರು?"

"ಬೇಡಮ್ಮಾ."

"ಮಾವಾ!"

"ನಿಮ್ಮೆಜಮಾನ್ರು."

ಬೇಕರಿಯ ಹಿಟ್ಟಿನ ಗೋದಾಮು ನೋಡಿಕೊಳ್ಳುವವರು ನನ್ನ ಗಂಡ. ನಿನ್ನೆಯಿಂದ ನನ್ನ ಪಕ್ಕದಲ್ಲೇ ಸ್ಕೂಟರ್ ಓಡಿಸಿಕೊಂಡು, ನನಗೆ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಡುತ್ತ ತಿರುಗಿದವರು. ಒಂದು ಮಾತು ಹೇಳಿರಲಿಲ್ಲ.

ಹೊರಗೆ ಬಂದೆ. ಸೇತುವೆಯ ಕೆಳಗೆ ಆಗತಾನೇ ಎಳೆಬಿಸಿಲು ಬಿದ್ದಿತ್ತು. ಅವರು ಸ್ಕೂಟರಿನಿಂದ ಇಳಿದು, ಶಾಲೆಗೆ ತಡವಾದ ಹುಡುಗನ ಹಾಗೆ ನಿಂತರು.

"ಕೀ ಎಲ್ಲಿ?" ಅಂದೆ.

"ನನ್ನ ಹತ್ರ ಇಲ್ಲ ಕಣೇ. ಗಾಡಿ ಓಡಿಸಿದ್ದೂ ನಾನಲ್ಲ. ನಿನ್ನಾಣೆ."

"ಆಣೆ ಆಮೇಲೆ. ಕೀ ಯಾರಿಗೆ ಕೊಟ್ರಿ?"

ನಾನು ಅವರ ಕೈ ಹಿಡಿದೆ. ತಣ್ಣಗೆ ಮಂಜಾಗಿತ್ತು.

"ರೀ, ಸಂಜೆ ಬನ್ನಣ್ಣನ್ನ ಜೈಲಿಗೆ ಹಾಕ್ತಾರೆ. ನಾನು ಮಂಚ ಬಿಟ್ಟು ಏಳೋ ಹಾಗಾಗಿದ್ದು ಅವನಿಂದ. ಹೇಳಿ."

"ಜೈಲಿಗೆ ಹಾಕೋದೇನು ಬಂತು, ಅವನೇ ಹೋಗ್ತಾನೆ," ಅಂದರು. ಕಣ್ಣು ತುಂಬಿಕೊಂಡಿತ್ತು. "ಈಗ ಠಾಣೇಲಿ ನನ್ನನ್ನ ಕೇಳ್ದ. 'ಅಣ್ಣಾ, ಗಾಡಿ ಸರಿಯಾಗಿರೋದು ಯಾರಿಗೆ ಗೊತ್ತಿತ್ತು, ಕೀ ಯಾರ ಹತ್ರ ಇತ್ತು' ಅಂತ. ಅವನ ಮುಖ ನೋಡಿ ಸುಳ್ಳು ಹೇಳೋಕಾಗ್ಲಿಲ್ಲ, ಹೇಳ್ಬಿಟ್ಟೆ. ಕೇಳಿದ್ದೇ ನನ್ನ ಕೈ ಹಿಡ್ಕೊಂಡ. 'ಹಾಗಾದ್ರೆ ನಾನೇ ಗುದ್ದಿದ್ದು ಅಂತ ಒಪ್ಕೋತೀನಿ. ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಅವರ ಹೆಸರು ಎತ್ಬೇಡಿ. ನನಗೆ ಅನ್ನ ಹಾಕಿದ ಕೈ ಅದು' ಅಂದ."

ಬನ್ನಣ್ಣನಿಗೆ ಅನ್ನ ಹಾಕಿದ ಕೈ ಈ ಲೋಕದಲ್ಲಿ ಒಂದೇ.

"ಬೇಕರಿ ಅಮ್ಮನಾ?"

ಅವರು ಹೌದೆಂದು ತಲೆಯಾಡಿಸಿದರು. "ಮೊನ್ನೆ ಸಂಜೆ ಬೇಕರೀಲಿ ಕೀ ಮೊಳೆಗೆ ಹಾಕೋಕೆ ಹೋದೆ. ಅಮ್ಮ ಅಲ್ಲೇ ಇದ್ರು. ಗಾಡಿ ಗುಣವಾಯ್ತು ಅಮ್ಮಾ, ಇನ್ಮೇಲೆ ಇರುವೆಗೂ ಎಚ್ಚರ ಆಗಲ್ಲ ಅಂತ ಖುಷಿಯಿಂದ ಹೇಳ್ದೆ. 'ಬೋಲ್ಟ್ ಮಾವನ ಹೊಟ್ಟೆ ತಣ್ಣಗಿರ್ಲಿ, ಬೆಳಗ್ಗೆವರೆಗೂ ಯಾರಿಗೂ ಹೇಳ್ಬೇಡಪ್ಪಾ, ಹುಡುಗ ತಾನೇ ನೋಡಿ ಖುಷಿಪಡ್ಲಿ' ಅಂತ ಕೀ ಇಸ್ಕೊಂಡ್ರು. ನನ್ನ ಕೆಲಸ ಹೋಗಿ ನಾವು ಬೀದೀಲಿದ್ದಾಗ ಕರೆದು ಗೋದಾಮು ಕೊಟ್ಟೋರು ಅವರು. ಅವರ ಮೇಲೆ ಹೇಗೆ ಅನುಮಾನ ಪಡ್ಲಿ? ನಿನಗೆ ಹೇಗೆ ಹೇಳ್ಲಿ?"

ಬೈಯಲು ಬಾಯಿ ಬರಲಿಲ್ಲ. ನಮ್ಮ ಮನೆಯ ಒಲೆ ಉರಿಯುವುದೂ ಆ ಹೆಂಗಸಿನ ದಯೆಯಿಂದಲೇ. ಯಾವ ಸಿಟ್ಟಿಗೆ, ಯಾವ ಗುಟ್ಟಿಗೆ ಆಕೆ ಮುದುಕನೊಬ್ಬನ ಮೇಲೆ ಗಾಡಿ ಹತ್ತಿಸಲು ಹೋದಾರು? ಗೊತ್ತಿರುವವನು ಒಬ್ಬನೇ, ಅವನು ಆಸ್ಪತ್ರೆಯಲ್ಲಿ ಮಲಗಿದ್ದಾನೆ.

ನನ್ನ ಫೋನು ಹೊಡೆದುಕೊಂಡಿತು. ತಾತನ ವಾರ್ಡಿನ ನರ್ಸಮ್ಮ. ಏನಾದರೂ ಬದಲಾದರೆ ಮೊದಲು ನನಗೆ ತಿಳಿಸಮ್ಮಾ ಎಂದು ನಾನೇ ಹೇಳಿ ಬಂದಿದ್ದೆ.

"ಅಕ್ಕಾ, ಒಳ್ಳೆ ಸುದ್ದಿ! ತಾತ ಕಣ್ಣು ಬಿಟ್ಟ! ಏನೋ ಹೇಳ್ಬೇಕು ಅಂತ ತುಟಿ ಅಲ್ಲಾಡಿಸ್ತಿದಾನೆ!"

"ನಿನ್ನ ಬಾಯಿಗೆ ಸಕ್ಕರೆ ಹಾಕ! ಪಕ್ಕದಲ್ಲೇ ಇರು, ಎಲ್ಲಿಗೂ ಹೋಗ್ಬೇಡ, ನಾನು ಬಂದೆ."

"ಅಯ್ಯೋ, ನಾನು ಕ್ಯಾಂಟೀನಲ್ಲಿದೀನಿ ಅಕ್ಕಾ. ಏನೂ ಯೋಚನೆ ಮಾಡ್ಬೇಡಿ, ಬೇಕರಿ ಅಮ್ಮ ಬಂದಿದಾರೆ. ಪಾಪ, ಎಂಥಾ ದೇವರಂಥೋರು! 'ರಾತ್ರಿಯೆಲ್ಲ ದುಡಿದಿದೀಯ, ಹೋಗಿ ಬಿಸಿಬಿಸಿ ಟೀ ಕುಡಿ, ನಾನು ನೋಡ್ಕೋತೀನಿ' ಅಂತ ನನ್ನನ್ನ ಕಳಿಸಿ, ಅವರೇ ಬಾಗಿಲು ಹಾಕ್ಕೊಂಡು ತಾತನ ಹತ್ರ ಕೂತಿದಾರೆ."